ಅಂಗಡಿಯಲ್ಲೇ ಇಲ್ಲದ ಆಟಕ್ಕೆ ಕಳ್ಳ ಯಾರು?

2024ರ ಮಾರ್ಚ್ 31ರಂದು ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ ‘ದಿ ಕ್ರೂ’ ಎಂಬ ತನ್ನ ವಿಡಿಯೋ ಗೇಮ್‌ನ ಸರ್ವರ್‌ಗಳನ್ನು ಸ್ಥಗಿತಗೊಳಿಸಿತು. ಅಮೆರಿಕದ ಉದ್ದಗಲಕ್ಕೂ ಕಾರು ಓಡಿಸುವ ಈ ಆಟ 2014ರಲ್ಲಿ ಬಿಡುಗಡೆಯಾಗಿತ್ತು. ಒಬ್ಬನೇ ಕುಳಿತು ಆಡುವುದಾದರೂ ಸಂಸ್ಥೆಯ ಸರ್ವರ್‌ನೊಡನೆ ಸಂಪರ್ಕವಿರಲೇಬೇಕಿತ್ತು. ಹೀಗಾಗಿ ಹಣ ತೆತ್ತು ಕೊಂಡವರ ಕೈಯಲ್ಲಿದ್ದ ಡಿಸ್ಕ್‌ಗಳು ಅಂದಿನಿಂದ ಕೆಲಸಕ್ಕೆ ಬಾರದವಾದವು. ಕೆಲವೇ ದಿನಗಳಲ್ಲಿ ಖರೀದಿದಾರರ ಖಾತೆಗಳಿಂದ ಆಟದ ಪರವಾನಗಿಯನ್ನೂ ಹಿಂತೆಗೆದುಕೊಳ್ಳಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗಳ ಗುಂಪೊಂದು ತಾನೇ ಸರ್ವರ್ ತಂತ್ರಾಂಶ ರೂಪಿಸಿ, ಸತ್ತ ಆಟಕ್ಕೆ ಮತ್ತೆ ಜೀವ ಕೊಟ್ಟಿತು. ಮಾಲೀಕರ ಅನುಮತಿ ಅವರಿಗಿರಲಿಲ್ಲ.

ಇಲ್ಲಿ ತಪ್ಪಿತಸ್ಥರು ಯಾರು? ವಿಡಿಯೋ ಗೇಮ್‌ಗಳ ಪೈರಸಿಗೆ ಎಂದಾದರೂ ನೈತಿಕ ಸಮರ್ಥನೆ ಇರಲು ಸಾಧ್ಯವೇ? ಪ್ರಶ್ನೆ ಮೇಲ್ನೋಟಕ್ಕೆ ಹುಡುಗಾಟಿಕೆಯದೆಂದು ತೋರಬಹುದು. ಆದರೆ ಆಸ್ತಿ ಎಂದರೇನು, ಮಾರಾಟ ಎಂದರೇನು, ಸಮಾಜದ ನೆನಪಿನ ಒಡೆತನ ಯಾರದು ಎಂಬ ಗಂಭೀರ ಪ್ರಶ್ನೆಗಳು ಇದರೊಳಗೆ ಅಡಗಿವೆ.

ಮೊದಲಿಗೆ ಸರಳ ಸಂಗತಿಯನ್ನು ಇತ್ಯರ್ಥಪಡಿಸಿಕೊಳ್ಳೋಣ. ಇಂದು ಮಾರಾಟಕ್ಕಿರುವ ಆಟವನ್ನು, ಕೊಳ್ಳುವ ಶಕ್ತಿಯುಳ್ಳವನು ಹಣ ಕೊಡದೆ ಪಡೆದರೆ ಅದಕ್ಕೆ ಸಮರ್ಥನೆಯಿಲ್ಲ. ‘ನಕಲು ಮಾಡಿದರೆ ಮೂಲ ಪ್ರತಿ ಮಾಲೀಕನ ಬಳಿಯೇ ಉಳಿಯುತ್ತದೆ, ಹಾಗಿರುವಾಗ ಕಳವು ಹೇಗಾದೀತು?’ ಎಂಬುದು ಯುವಕರ ವಾದ. ಅರ್ಥಶಾಸ್ತ್ರದ ದೃಷ್ಟಿಯಿಂದ ಈ ವಾದದ ಅರ್ಧ ಭಾಗ ಸರಿ. ಒಬ್ಬ ಬಳಸಿದ ಮಾತ್ರಕ್ಕೆ ಇನ್ನೊಬ್ಬನ ಪಾಲು ಕಡಿಮೆಯಾಗದ ವಸ್ತು ಇದು. ಇನ್ನೊಂದು ಪ್ರತಿ ತಯಾರಿಸುವ ಖರ್ಚು ಶೂನ್ಯಕ್ಕೆ ಸಮೀಪ. ಆದರೆ ಮೊದಲ ಪ್ರತಿಯ ಖರ್ಚು ಶೂನ್ಯವಲ್ಲ. ನೂರಾರು ಜನರ ವರ್ಷಗಟ್ಟಲೆ ದುಡಿಮೆ ಅದರಲ್ಲಿರುತ್ತದೆ. ರಾಜನ ಕೊಳಕ್ಕೆ ಪ್ರತಿ ಮನೆಯವರೂ ರಾತ್ರಿ ಒಂದು ಚೊಂಬು ಹಾಲು ಸುರಿಯಬೇಕೆಂದು ಆಜ್ಞೆಯಾದಾಗ, ‘ನನ್ನದೊಂದು ಚೊಂಬು ನೀರಾದರೆ ಯಾರಿಗೆ ತಿಳಿದೀತು’ ಎಂದು ಎಲ್ಲರೂ ನೀರನ್ನೇ ಸುರಿದ ಕಥೆ ನಮಗೆಲ್ಲ ಗೊತ್ತು. ಬೆಳಗಾದಾಗ ಕೊಳದಲ್ಲಿದ್ದುದು ಬರೀ ನೀರು.

ಈ ದುಡಿಮೆ ಎಲ್ಲೋ ದೂರದ ಅಮೆರಿಕದ್ದೆಂದೂ ತಿಳಿಯಬೇಕಿಲ್ಲ. ಭಾರತದ ಗೇಮ್ ಉದ್ಯಮಕ್ಕೆ ನಾಂದಿ ಹಾಡಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ 1997ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್ ಗೇಮ್ಸ್, ಅಂದರೆ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ಒಡೆಯರು. ಕಾರು ಕಳವನ್ನೇ ಹೆಸರಾಗಿಸಿಕೊಂಡ ಆ ಆಟಗಳ ಒಡೆಯರಿಗೆ ನಮ್ಮ ನಗರದಲ್ಲೇ ಒಂದು ಸ್ಟುಡಿಯೋ ಇದೆ. ಪುಣೆಯ ಚಿಕ್ಕ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟವನ್ನು ನಮ್ಮ ಪುರಾಣಗಳ ಹಿನ್ನೆಲೆಯಲ್ಲಿ ರೂಪಿಸಿ ಹೊರತಂದಿತು. ಇಂಥ ಚಿಕ್ಕ ತಂಡಗಳಿಗೆ ಪ್ರತಿಯೊಂದು ಪ್ರತಿಯ ಮಾರಾಟವೂ ಮುಖ್ಯ.

ಪೈರಸಿಯಿಂದ ನಿಜವಾಗಿ ಎಷ್ಟು ನಷ್ಟ ಎಂಬುದು ಬೇರೆ ಮಾತು. ಐರೋಪ್ಯ ಆಯೋಗ ಮಾಡಿಸಿ, 2017ರಲ್ಲಿ ಬೆಳಕಿಗೆ ಬಂದ ಅಧ್ಯಯನವೊಂದಕ್ಕೆ ಹೊಸ ಚಲನಚಿತ್ರಗಳನ್ನು ಬಿಟ್ಟರೆ ಉಳಿದೆಡೆ ಪೈರಸಿಯಿಂದ ಮಾರಾಟ ಕುಸಿಯುತ್ತದೆ ಎನ್ನಲು ಬಲವಾದ ಪುರಾವೆ ದೊರೆಯಲಿಲ್ಲ. ಇದಕ್ಕೆ ಪ್ರತಿಯಾಗಿ, ‘ಡೆನುವೊ’ ಎಂಬ ಡಿಜಿಟಲ್ ಬೀಗವಿರುವ ಆಟಗಳ ಬಗ್ಗೆ 2024ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಬಿಡುಗಡೆಯಾದೊಡನೆ ಬೀಗ ಮುರಿದರೆ ಆದಾಯದಲ್ಲಿ ಸರಾಸರಿ ಐದನೇ ಒಂದು ಭಾಗದಷ್ಟು ಖೋತಾ ಆಗುತ್ತದೆ. ಮೂರು ತಿಂಗಳ ನಂತರ ಮುರಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಪ್ರತಿಯೊಂದು ಕಳ್ಳಪ್ರತಿಯೂ ಕೈತಪ್ಪಿದ ಒಂದು ಮಾರಾಟವೆಂದು ಉದ್ಯಮ ಹಾಕುವ ಲೆಕ್ಕ ಉತ್ಪ್ರೇಕ್ಷೆ, ಪೈರಸಿಯಿಂದ ಯಾರಿಗೂ ನಷ್ಟವಿಲ್ಲವೆಂಬ ಮಾತು ಆತ್ಮವಂಚನೆ.

ಎರಡನೆಯದು ಬಡತನದ ವಾದ. ದೊಡ್ಡ ಸಂಸ್ಥೆಯ ಹೊಸ ಆಟವೊಂದರ ಬೆಲೆ ಭಾರತದಲ್ಲಿ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ. ಅಮೆರಿಕದ ಎಪ್ಪತ್ತು ಡಾಲರ್ ಅಲ್ಲಿನ ಸಂಬಳದಾರನಿಗೆ ಒಂದು ದಿನದ ಗಳಿಕೆಯೂ ಅಲ್ಲದಿರಬಹುದು. ಇಲ್ಲಿಯ ಗುಮಾಸ್ತನ ಮಗನಿಗೆ ಅದು ಕಾಲೇಜಿನ ಪುಸ್ತಕಗಳ ಹಣ. ಹಾಗಾದರೆ ಬಡವ ನಕಲು ಮಾಡಿಕೊಂಡರೆ ತಪ್ಪೇ?

ಇದಕ್ಕೆ ಔಷಧದ ಹೋಲಿಕೆ ಕೊಡುವವರಿದ್ದಾರೆ. ಆ ಹೋಲಿಕೆಯನ್ನು ಕೂಲಂಕಷವಾಗಿ ನೋಡಬೇಕು. ಕ್ಯಾನ್ಸರ್ ರೋಗಕ್ಕೆ ಬಾಯರ್ ಸಂಸ್ಥೆ ತಯಾರಿಸುತ್ತಿದ್ದ ‘ನೆಕ್ಸಾವರ್’ ಔಷಧಕ್ಕೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ತಗಲುತ್ತಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಗೆ ಕಡ್ಡಾಯ ಪರವಾನಗಿ ನೀಡಿ, ಅದೇ ಔಷಧವನ್ನು 8,880 ರೂಪಾಯಿಗೆ ಮಾರಲು ಅವಕಾಶ ಮಾಡಿಕೊಟ್ಟರು. ಈ ಪ್ರಕರಣದಿಂದ ಎರಡು ಪಾಠಗಳಿವೆ. ಬೌದ್ಧಿಕ ಆಸ್ತಿ ದೇವದತ್ತ ಹಕ್ಕಲ್ಲ. ಸಮಾಜ ತನ್ನ ಹಿತಕ್ಕಾಗಿ ಷರತ್ತಿನ ಮೇಲೆ ಕೊಟ್ಟ ಹಕ್ಕು. ಷರತ್ತು ಮುರಿದಾಗ ಸಮಾಜ ಅದನ್ನು ಸಡಿಲಿಸಬಹುದು. ಆದರೆ ಸಡಿಲಿಸಿದ್ದು ಕಾನೂನಿನ ಮೂಲಕ, ರಾಯಧನ ನಿಗದಿಪಡಿಸಿ, ಪ್ರಾಣದ ಪ್ರಶ್ನೆ ಇದ್ದಾಗ. ಆಟವಿಲ್ಲದೆ ಯಾರೂ ಸಾಯುವುದಿಲ್ಲ. ಹಣವಿಲ್ಲದವನು ಆರು ತಿಂಗಳು ಕಾದರೆ ಅದೇ ಆಟ ಅರ್ಧ ಬೆಲೆಗೆ ದೊರೆಯುವ ಕಾಲವಿದು. ಆದ್ದರಿಂದ ಬಡತನ ಅಪರಾಧದ ತೀವ್ರತೆಯನ್ನು ತಗ್ಗಿಸಬಹುದು, ಅಪರಾಧವನ್ನು ಅಳಿಸಲಾರದು.

ಉದ್ಯಮಕ್ಕೂ ಇಲ್ಲಿ ಕಲಿಯಬೇಕಾದದ್ದಿದೆ. ಒಂದೂವರೆ ದಶಕದ ಹಿಂದಿನವರೆಗೂ ನಮ್ಮ ಪಟ್ಟಣಗಳಲ್ಲಿ ಅಸಲಿ ಆಟ ಸಿಗುವುದೇ ಅಪರೂಪವಾಗಿತ್ತು, ರಸ್ತೆಬದಿಯ ಸಿ.ಡಿ. ಧಾರಾಳವಾಗಿ ಸಿಗುತ್ತಿತ್ತು. ಪೈರಸಿಯು ಬೆಲೆಯ ಸಮಸ್ಯೆಗಿಂತ ಹೆಚ್ಚಾಗಿ ಸೇವೆಯ ಸಮಸ್ಯೆಯೆಂದು ‘ಸ್ಟೀಮ್’ ಮಾರಾಟ ಜಾಲದ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲೇ ಅಭಿಪ್ರಾಯಪಟ್ಟಿದ್ದರು. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲಿ ವ್ಯವಹಾರ ಆರಂಭಿಸಿ, ಅನೇಕ ಆಟಗಳಿಗೆ ಭಾರತದ ಬೆಲೆಯನ್ನೇ ನಿಗದಿಪಡಿಸಿತು. ಕಳ್ಳಪ್ರತಿಯ ದೊಡ್ಡ ವೈರಿ ಪೊಲೀಸರಲ್ಲ, ನ್ಯಾಯಬೆಲೆಗೆ ಸುಲಭವಾಗಿ ಸಿಗುವ ಅಸಲಿ ಪ್ರತಿ.

ಪೊಲೀಸರ ಮಾತು ಬಂದಾಗ ನಮ್ಮ ಕಾನೂನನ್ನೂ ಗಮನಿಸಬೇಕು. ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಕರ್ನಾಟಕವಂತೂ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಪೈರಸಿ ಮಾಡುವವರನ್ನೂ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಇಷ್ಟು ಉಗ್ರ ಕಾನೂನಿದ್ದೂ ಕಾಲೇಜು ಹಾಸ್ಟೆಲುಗಳ ಪರಿಸ್ಥಿತಿ ಬದಲಾಗಿಲ್ಲ. ಕಂಪ್ಯೂಟರುಗಳು ಹೊಸದಾಗಿ ಬಂದ ದಿನಗಳಲ್ಲಿ ಸರ್ಕಾರಿ ಕಚೇರಿಯೊಂದರಲ್ಲೇ ಪರವಾನಗಿಯಿಲ್ಲದ ತಂತ್ರಾಂಶದಲ್ಲಿ ಆದೇಶಗಳು ಸಿದ್ಧವಾಗುತ್ತಿದ್ದುದನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ಜಾರಿಗೊಳಿಸಲಾಗದ ಕಠಿಣ ಕಾನೂನು ಜನರನ್ನು ಪ್ರಾಮಾಣಿಕರನ್ನಾಗಿಸುವುದಿಲ್ಲ. ಕಾನೂನಿನ ಬಗೆಗಿನ ಗೌರವವನ್ನೇ ಕುಗ್ಗಿಸುತ್ತದೆ.

ಇನ್ನು ನಿಜವಾಗಿ ಕಠಿಣವಾದ ಪ್ರಶ್ನೆಗೆ ಬರೋಣ. ಕೊಳ್ಳಲು ಸಿದ್ಧನಿದ್ದರೂ ಮಾರುವವರೇ ಇಲ್ಲದಿದ್ದರೆ? ಹಳೆಯ ಆಟವೊಂದನ್ನು ಹುಡುಕುತ್ತಿದ್ದ ನನ್ನ ಮೊಮ್ಮಗ ಕೇಳಿದ: “ತಾತ, ಅಂಗಡೀಲೇ ಇಲ್ದೇ ಇರೋದನ್ನ ಕದಿಯೋದು ಹೇಗೆ?” ಪ್ರಶ್ನೆಯಲ್ಲಿ ಹುರುಳಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುನ್ನ ಆ ದೇಶದಲ್ಲಿ ಹೊರಬಂದ ಆಟಗಳ ಪೈಕಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ಸಂಸ್ಥೆ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಗಳಿಗೆ ಬೀಗ ಹಾಕಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳಿಗೆ ಕಾನೂನುಬದ್ಧ ದಾರಿಯೇ ಮುಚ್ಚಿಹೋಯಿತು.

ಮಾರುವವನಿಲ್ಲದ ಕಡೆ ಮಾರಾಟದ ನಷ್ಟವೂ ಇಲ್ಲ. ಪೈರಸಿಯ ವಿರುದ್ಧ ನಾನು ಮೇಲೆ ಮಂಡಿಸಿದ ವಾದದ ಆಧಾರವೇ ಇಲ್ಲಿ ಕುಸಿಯುತ್ತದೆ. ಉಳಿಯುವುದು ‘ನನ್ನದು, ನಾನು ಕೊಡುವುದಿಲ್ಲ’ ಎಂಬ ಒಡೆತನದ ಹಟ ಮಾತ್ರ. ಮನೆಯಂಗಳದ ಬಾವಿಯ ಮಟ್ಟಿಗೆ ಆ ಹಟಕ್ಕೆ ಅರ್ಥವಿದ್ದೀತು. ಒಮ್ಮೆ ಲಕ್ಷಾಂತರ ಜನರಿಗೆ ಮಾರಿ, ಅವರ ಬಾಲ್ಯದ ಭಾಗವಾಗಿ, ಒಂದು ಕಾಲದ ಸಂಸ್ಕೃತಿಯಲ್ಲಿ ಬೆರೆತುಹೋದ ಕೃತಿಯ ಮೇಲೆ ಅದೇ ಹಟ ಎಷ್ಟು ನ್ಯಾಯ?

ಕಳೆದುಕೊಳ್ಳುವುದೆಂದರೆ ಏನೆಂದು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಅದರ ಪ್ರತಿ ಉಳಿದಿಲ್ಲ. ಚಿತ್ರ ತೆರೆಯಿಂದ ಇಳಿದ ಮೇಲೆ ಪ್ರತಿಗಳನ್ನು ಕಾಪಾಡುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಇದಕ್ಕೆ ವ್ಯತಿರಿಕ್ತ ಉದಾಹರಣೆಯೂ ಇದೆ. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡು ಜರ್ಮನಿಯಲ್ಲಿ 1922ರಲ್ಲಿ ತಯಾರಾದ ‘ನೊಸ್ಫೆರಾಟು’ ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತ್ತು. ಅಲ್ಲಲ್ಲಿ ಕೆಲವು ಪ್ರತಿಗಳು ಆ ತೀರ್ಪಿಗೆ ಸಿಗದೆ ಉಳಿದುಕೊಂಡವು. ಇಂದು ಅದು ಜಗತ್ತಿನ ಶ್ರೇಷ್ಠ ಮೂಕಿ ಚಿತ್ರಗಳಲ್ಲೊಂದೆಂದು ಮಾನ್ಯವಾಗಿದೆ. ಕಾನೂನು ಪೂರ್ಣವಾಗಿ ಗೆದ್ದಿದ್ದರೆ ಕಲೆ ಸೋಲುತ್ತಿತ್ತು.

ಹಾಗಾದರೆ ಸತ್ತ ಆಟಗಳ ಮಟ್ಟಿಗೆ ಪೈರಸಿ ಸಮರ್ಥನೀಯವೇ? ಹೌದು ಎಂದೇ ನನ್ನ ಅಭಿಪ್ರಾಯ, ಆದರೆ ಷರತ್ತುಗಳೊಂದಿಗೆ. ಆಟ ಯಾವುದೇ ಕಾನೂನುಬದ್ಧ ದಾರಿಯಲ್ಲಿ ದೊರೆಯದಂತಿರಬೇಕು. ನಕಲು ಮಾಡುವವನು ಅದರಿಂದ ಒಂದು ರೂಪಾಯಿಯನ್ನೂ ಗಳಿಸಬಾರದು. ಮಾಲೀಕರು ಮತ್ತೆ ಮಾರಾಟಕ್ಕೆ ತಂದ ದಿನ ಹಂಚಿಕೆ ನಿಲ್ಲಬೇಕು. ‘ಆ ಸಂಸ್ಥೆ ದುರಾಸೆಯದು’, ‘ಡಿಜಿಟಲ್ ಬೀಗ ಕಿರಿಕಿರಿ’ ಎಂಬ ಕಾರಣಗಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಅನ್ಯಾಯದ ಕಾನೂನನ್ನು ಮುರಿಯುವುದನ್ನು ಗಾಂಧೀಜಿ ಕಲಿಸಿದರು. ಆದರೆ ಅವರು ಉಪ್ಪನ್ನು ಹಿಡಿದದ್ದು ಹಾಡಹಗಲಲ್ಲಿ, ಶಿಕ್ಷೆಗೆ ಸಿದ್ಧರಾಗಿ. ಕೋಣೆಯ ಬಾಗಿಲು ಹಾಕಿಕೊಂಡು ಹೊಸ ಆಟವನ್ನು ಇಳಿಸಿಕೊಂಡು ಅದನ್ನು ಪ್ರತಿಭಟನೆಯೆಂದು ಕರೆಯುವುದು ಸರಿಯಲ್ಲ.

ಆದರೆ ಸಂಸ್ಕೃತಿಯ ರಕ್ಷಣೆಯನ್ನು ಕಾನೂನು ಮುರಿಯುವವರ ಸೌಜನ್ಯಕ್ಕೆ ಬಿಡುವುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ನೋಡಗೊಡುವ ಅವಕಾಶ ಗ್ರಂಥಾಲಯಗಳಿಗೆ ಬೇಕೆಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಯೂರೋಪಿನಲ್ಲಿ ಮಾರಿದ ಆಟವನ್ನು ಆಡಲಾಗದಂತೆ ಕೊಲ್ಲಬಾರದೆಂಬ ನಾಗರಿಕರ ಮನವಿಗೆ 2025ರಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಡಿಜಿಟಲ್ ಸರಕನ್ನು ಮಾರುವಾಗ ಕೊಡುತ್ತಿರುವುದು ಒಡೆತನವಲ್ಲ, ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ.

ನಮ್ಮ ಕಾನೂನಿನಲ್ಲಿ ಇದಕ್ಕೆ ಬೀಜವಿದೆ, ಮೊಳಕೆಯಿಲ್ಲ. ಪ್ರಕಟವಾದ ಕೃತಿಯ ಮರುಪ್ರಕಟಣೆಗೆ ಮಾಲೀಕರು ನಿರಾಕರಿಸಿ, ಅದು ಜನರಿಗೆ ದೊರೆಯದಂತಾದರೆ ಕಡ್ಡಾಯ ಪರವಾನಗಿ ಕೋರಲು ಕೃತಿಸ್ವಾಮ್ಯ ಕಾಯ್ದೆಯ 31ನೇ ಕಲಂ ಅವಕಾಶ ನೀಡುತ್ತದೆ. ಆದರೆ ನ್ಯಾಯಾಲಯದ ಆ ದೀರ್ಘ ದಾರಿ ಸಾಮಾನ್ಯ ಗ್ರಂಥಾಲಯಕ್ಕೆ ಎಟುಕುವಂಥದ್ದಲ್ಲ. ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬಹುದೆಂದು 2012ರ ತಿದ್ದುಪಡಿ ಹೇಳುತ್ತದೆ. ಆದರೆ ಅದರ ಬಳಿ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಈ ಷರತ್ತು ಅನ್ವಯಿಸುವುದು ಹೇಗೆ?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಈ ಷರತ್ತನ್ನು ತೆಗೆದುಹಾಕಬೇಕು. 1954ರ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಯೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಬೇಕು. ಅದೇ ರೀತಿ ಇಲ್ಲಿ ತಯಾರಾದ ಆಟಗಳ ಪ್ರತಿಯೂ ಒಂದು ಸಾರ್ವಜನಿಕ ಸಂಗ್ರಹಕ್ಕೆ ಸೇರಬೇಕು. ಸರ್ವರ್ ನಿಲ್ಲಿಸುವ ಸಂಸ್ಥೆ ಆಟವನ್ನು ಸ್ವತಂತ್ರವಾಗಿ ಆಡುವಂತೆ ಮಾಡಿಯೇ ಹೊರಡಬೇಕು. ಇದು ಅಸಾಧ್ಯವೆನ್ನುವಂತಿಲ್ಲ; ಟೀಕೆಗಳ ನಂತರ ಯೂಬಿಸಾಫ್ಟ್ ಸಂಸ್ಥೆಯೇ 2025ರಲ್ಲಿ ‘ದಿ ಕ್ರೂ 2’ ಆಟಕ್ಕೆ ಸರ್ವರ್ ಇಲ್ಲದೆ ಆಡುವ ಅನುಕೂಲ ಒದಗಿಸಿತು.

ಗೇಮ್ ಉದ್ಯಮದಲ್ಲಿ ದುಡಿಯುವ ಬೆಂಗಳೂರಿನ ಯುವಕ ಯುವತಿಯರಿಗೆ ಈ ವಿಷಯದಲ್ಲಿ ಎರಡು ಹಿತಾಸಕ್ತಿಗಳಿವೆ. ತಮ್ಮ ದುಡಿಮೆಗೆ ಇಂದು ಬೆಲೆ ಸಿಗಬೇಕು. ಮೂವತ್ತು ವರ್ಷಗಳ ನಂತರ ಅದನ್ನು ತಮ್ಮ ಮಕ್ಕಳಿಗೆ ತೋರಿಸಲು ಒಂದು ಪ್ರತಿಯಾದರೂ ಉಳಿದಿರಬೇಕು. ಮೊದಲನೆಯದಕ್ಕೆ ನಾವು ಹಣ ಕೊಟ್ಟು ಕೊಳ್ಳಬೇಕು. ಎರಡನೆಯದಕ್ಕೆ ಶಾಸನಸಭೆಗಳು ಎಚ್ಚೆತ್ತುಕೊಳ್ಳಬೇಕು. ಅಲ್ಲಿಯವರೆಗೆ ಸತ್ತ ಆಟಗಳನ್ನು ಲಾಭದ ಆಸೆಯಿಲ್ಲದೆ ಕಾಪಾಡುತ್ತಿರುವವರನ್ನು ಕಳ್ಳರೆಂದು ಕರೆಯಲು ನನಗೆ ಮನಸ್ಸು ಬಾರದು.