ಒಂದು ಬೆಟ್ಟ, ಎರಡು ಬಾಲ್ಯ: ಬಿಳಿಗಿರಿರಂಗನ ಬೆಟ್ಟದ ನೆನಪು ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಕಿಟಕಿ ಪಕ್ಕದ ಸೀಟು ಸಿಕ್ಕಿದ್ರೆ ಇನ್ನೂ ಒಳ್ಳೇದು. ಇವತ್ತು ನಾವು ಒಂದು ಬೆಟ್ಟ ಹತ್ತಬೇಕು.

ನಾನು ಗುಂಡ್ಲುಪೇಟೆ ಕಡೆಯವನು. ನಮ್ಮೂರಿನ ಮಕ್ಕಳಿಗೆ ಊಟಿ ಅಂದ್ರೆ ಒಂದು ಊರಲ್ಲ, ಒಂದು ರಸ್ತೆ. ಬೇಸಿಗೆ ರಜೆ ಬಂತು ಅಂದ್ರೆ ರಸ್ತೆ ಬದಿ ನಿಂತು ಗಾಡಿಗಳ ನಂಬರ್ ಪ್ಲೇಟ್ ಎಣಿಸೋದೇ ಆಟ. ಬೆಂಗಳೂರಿನ ಕಾರು ನನಗೆ, ಕೇರಳದ್ದು ನಿನಗೆ. ಒಂದಿನ ತಾತನ್ನ ಕೇಳಿದೆ: 'ಇವ್ರೆಲ್ಲ ಎಲ್ಲಿಗೆ ಹೋಯ್ತಾರೆ ತಾತ?' ತಾತ ಹೇಳಿದ್ರು: 'ಊಟಿಗೆ ಕನಪ್ಪ. ತಣ್ಗಿರ್ತದೆ ಅಂತ ದೊರೆಗಳು ಕಟ್ಕಂಡ ಊರು ಅದು.' ಆಮೇಲೆ ಒಂದು ಮಾತು ಸೇರಿಸಿದ್ರು: 'ನಮ್ ಬಿಳಿಗಿರಿ ಬೆಟ್ಟದಲ್ಲೂ ದೊರೆ ಇದ್ದ. ಊರು ಮಾತ್ರ ಕಟ್ನಿಲ್ಲ.'

ಆ ಮಾತು ತಲೆಯಲ್ಲಿ ಉಳೀತು. ಊಟಿ ಊರಾಯ್ತು, ಬಿಳಿಗಿರಿರಂಗನ ಬೆಟ್ಟ ಯಾಕೆ ಆಗಲಿಲ್ಲ? ಅಲ್ಲಿದ್ದ ದೊರೆ ಯಾರು? ಅವರು ಬರೋಕೆ ಮೊದಲೇ ಅಲ್ಲಿದ್ದವರ ನೆನಪು ಎಲ್ಲಿ ಹೋಯ್ತು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಊಟಿ ಊರಾಗಿದ್ದು ಹೇಗೆ?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಮೈಸೂರು ರಾಜ್ಯ ಹಂಚಿಹೋಯಿತು. ಕೊಯಮತ್ತೂರು ಸೀಮೆ, ಅದರ ಜೊತೆಗೆ ನೀಲಗಿರಿ, ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಗುಂಡ್ಲುಪೇಟೆ, ಚಾಮರಾಜನಗರ ಮೈಸೂರು ಅರಸರ ಕಡೆ ಉಳಿದವು. ಅಂದಹಾಗೆ, ಚಾಮರಾಜನಗರಕ್ಕೆ ಆಗ ಆ ಹೆಸರೇ ಇರಲಿಲ್ಲ. ಅದು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಹೆಸರು ಬದಲಿಸಿದರು.

ಮರುವರ್ಷವೇ, ಅಂದರೆ 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿದ. ಅಲ್ಲಿನ ತಂಪು ಅವನಿಗೆ ಹಿಡಿಸಿಬಿಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಊಟಿಯಲ್ಲಿ ಕಲ್ಲಿನ ಮನೆ ಎದ್ದಿತು. ಆಮೇಲೆ ರಸ್ತೆ, ಚರ್ಚು, ಶಾಲೆ, ಕೆರೆ. ಮುಂದೆ ಬೇಸಿಗೆ ಬಂದರೆ ಮದ್ರಾಸ್ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಊಟಿಗೆ ಬರೋಕೆ ಶುರುವಾಯ್ತು. 1908ರಲ್ಲಿ ರೈಲೂ ಬಂತು.

ಖಾಲಿ ಬೆಟ್ಟಕ್ಕೆ ಅವರು ಬಂದರು ಅಂದುಕೋಬೇಡಿ. ಅಲ್ಲಿ ತೋಡರು, ಕೋತರು, ಕುರುಂಬರು, ಇರುಳರು ಇದ್ದರು. ಬಡಗರೂ ಇದ್ದರು. 'ಬಡಗ' ಅಂದರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ನಾವು ಅಂತ ಬಡಗರಲ್ಲೇ ಮಾತಿದೆ. ಅವರು ಆಡೋ ಮಾತು ಕಿವಿಗೊಟ್ಟು ಕೇಳಿ, ಗುಂಡ್ಲುಪೇಟೆಯವರಿಗೆ ಅರ್ಧಕ್ಕರ್ಧ ಅರ್ಥ ಆಗುತ್ತೆ.

ಬಿಳಿಗಿರಿಗೆ ಬಂದ ದೊರೆಗಳು

ಈಗ ನಮ್ಮ ಕಡೆಗೆ ಬರೋಣ. ಬಿಳಿಗಿರಿರಂಗನ ಬೆಟ್ಟ ಚಾಮರಾಜನಗರದ ಪೂರ್ವಕ್ಕಿದೆ. ಇಲ್ಲಿನ ಎತ್ತರದ ತುದಿ ಕತ್ತರಿ ಬೆಟ್ಟ, ಸುಮಾರು 1,800 ಮೀಟರ್. ತಂಪು ಇಲ್ಲೂ ಇದೆ. ಆದರೆ ಇದು ಅರಸರ ಸೀಮೆ. ಇಲ್ಲಿಗೆ ಯಾವ ಸರ್ಕಾರವೂ ಬೇಸಿಗೆ ಕಳೆಯೋಕೆ ಬರಲಿಲ್ಲ. ಬಂದವರು ಒಬ್ಬೊಬ್ಬರಾಗಿ ಬಂದರು.

ಅವರಲ್ಲಿ ಮೊದಲು ಹೆಸರು ಮಾಡಿದವನು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸರ್ಕಾರದ ನೌಕರ. ಕಾಡಾನೆಗಳನ್ನ ಹಿಂಡುಹಿಂಡಾಗಿ ಓಡಿಸಿ ಹಿಡಿಯೋ ಖೆಡ್ಡಾ ವಿಧಾನವನ್ನ ಅವನು ಮೈಸೂರು ಸೀಮೆಯಲ್ಲಿ ಮಾಡಿ ತೋರಿಸಿದ್ದು ಇದೇ ಚಾಮರಾಜನಗರದ ಸುತ್ತಿನಲ್ಲಿ, 1874ರಲ್ಲಿ. ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಸಿಕ್ಕವು. 1878ರಲ್ಲಿ ಲಂಡನ್ನಿನಲ್ಲಿ ಅವನ ಪುಸ್ತಕ ಬಂತು. ಅದರಲ್ಲಿ ಕಾಡಿನ ಜಾಡು ಹಿಡಿಯೋ ಸೋಲಿಗರ ವಿಷಯವೂ ಇದೆ. ಪುಸ್ತಕ ಅವನದ್ದು, ಕಾಡಿನ ದಾರಿ ಗೊತ್ತಿದ್ದದ್ದು ಅವರಿಗೆ.

ಆಮೇಲೆ ಕಾಫಿ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರ‍್ಯಾಂಡಾಲ್ಫ್ ಮಾರಿಸ್ ಅನ್ನೋ ಪ್ಲಾಂಟರ್ ಅತ್ತಿಖಾನೆಯಲ್ಲಿ ಎಸ್ಟೇಟ್ ಮಾಡಿದ. ಅವನ ಮಗ ರಾಲ್ಫ್ ಮಾರಿಸ್ ಹೊನ್ನಮೇಟಿ ಎಸ್ಟೇಟಿನಲ್ಲಿ ನೆಲೆಸಿದ. ರಾಲ್ಫ್‌ಗೆ ಪ್ರಾಣಿಗಳ ಹುಚ್ಚು. ಬೇಟೆಯನ್ನೂ ಆಡಿದ, ಕಂಡದ್ದನ್ನೆಲ್ಲ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆದೂ ಕಳಿಸಿದ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಈ ಬೆಟ್ಟದಲ್ಲಿ ನೆರವಾದವನು ಇವನೇ.

ರಾಲ್ಫ್ ಮಗಳು ಮೋನಿಕಾ. ಹುಟ್ಟಿದ್ದು 1920ರಲ್ಲಿ, ಬೆಳೆದದ್ದು ಇದೇ ಬೆಟ್ಟದಲ್ಲಿ. ಮುಂದೆ ಮೋನಿಕಾ ಜಾಕ್ಸನ್ ಅಂತ ಹೆಸರಾದಳು. 1955ರಲ್ಲಿ ಇಬ್ಬರು ಗೆಳತಿಯರ ಜೊತೆ ನೇಪಾಳದ ಜುಗಲ್ ಹಿಮಾಲಕ್ಕೆ ಹೋದಳು. ಹೆಂಗಸರೇ ಸೇರಿ ಮಾಡಿದ ಮೊದಲ ಹಿಮಾಲಯ ಯಾತ್ರೆ ಅದು ಅಂತ ಲೆಕ್ಕ. ಚಾಮರಾಜನಗರದ ಬೆಟ್ಟದಲ್ಲಿ ಬೆಳೆದ ಹುಡುಗಿ ಹಿಮಾಲಯ ಹತ್ತಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವಯಸ್ಸಾದ ಮೇಲೆ ಅವಳು ತನ್ನ ಬೆಟ್ಟದ ಬಾಲ್ಯವನ್ನ 'ಗೋಯಿಂಗ್ ಬ್ಯಾಕ್' ಅನ್ನೋ ಪುಸ್ತಕ ಮಾಡಿದಳು.

ನನಗೆ ಅವಳ ಮೇಲೆ ಕೋಪ ಇಲ್ಲ. ಹುಟ್ಟಿದ ಮನೆ, ಬೆಳೆದ ಜಾಗದ ಮೇಲಿನ ಪ್ರೀತಿ ಯಾರದ್ದಾದರೂ ಪ್ರೀತಿನೇ. ಆದರೆ ಒಂದು ಪ್ರಶ್ನೆ ಬಿಡ್ತಿಲ್ಲ. ಅದೇ 1920ರ ಸುಮಾರಿಗೆ ಅದೇ ಬೆಟ್ಟದ ಪೋಡಿನಲ್ಲೂ ಮಕ್ಕಳು ಹುಟ್ಟಿದ್ರಲ್ವಾ? ಅವರ ಬಾಲ್ಯ ಎಲ್ಲಿದೆ?

ಪೋಡಿನ ನೆನಪು

ಪೋಡು ಅಂದರೆ ಸೋಲಿಗರ ಹಾಡಿ, ವಸತಿ. ಅಲ್ಲಿ ನೆನಪು ಪುಸ್ತಕದಲ್ಲಿ ಇರಲಿಲ್ಲ. ಹಾಡಿನಲ್ಲಿತ್ತು, ಜಾಗದ ಹೆಸರಿನಲ್ಲಿತ್ತು.

ಒಂದು ಉದಾಹರಣೆ ಕೊಡ್ತೀನಿ. ಬೆಟ್ಟದ ಮೇಲಿರೋ ರಂಗನಾಥಸ್ವಾಮಿಯನ್ನ ನಾವೆಲ್ಲ ದೇವರು ಅಂತೀವಿ. ಸೋಲಿಗರು 'ಭಾವ' ಅಂತಾರೆ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನ ಮದುವೆಯಾದ ಅನ್ನೋದು ಅವರ ಕತೆ. ದೇವರು ಅವರಿಗೆ ಮನೆ ಅಳಿಯ. ಭಾರ್ಗವಿ ಹೊಳೆ ಪಕ್ಕ ನೂರಾರು ವರ್ಷದ ದೊಡ್ಡ ಸಂಪಿಗೆ ಮರ ಇದೆ. ನಮಗೆ ಅದು ಮರ, ಅವರಿಗೆ ದೇವರು.

ಇನ್ನೂ ಒಳಗೆ ಹೋದರೆ, ಪ್ರತಿ ಕುಲಕ್ಕೂ ಕಾಡಿನಲ್ಲಿ ಒಂದು 'ಎಲ್ಲೆ' ಇದೆ. ಆ ಎಲ್ಲೆಯೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರು, ಸತ್ತ ಹಿರಿಯರ ಕಲ್ಲುಗುಡಿ, ಅಬ್ಬಿ ಅಂದರೆ ನೀರಿನ ಜಾಗ. ಮಗು ದೊಡ್ಡವರ ಜೊತೆ ಜೇನಿಗೋ ನೆಲ್ಲಿಕಾಯಿಗೋ ಹೋಗುವಾಗ ಈ ಹೆಸರುಗಳನ್ನ ಕಲಿಯುತ್ತೆ. ಅದೇ ಅದರ ಭೂಗೋಳದ ಪಾಠ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು. ಜಾಗ ಬದಲಿಸುತ್ತಾ ರಾಗಿ ಬೆಳೆಯೋದೂ ನಿಂತಿತು. ಕಾಡಿನೊಳಗೆ ಚದುರಿದ್ದ ಕುಟುಂಬಗಳು ರಸ್ತೆ ಬದಿಯ ಪೋಡುಗಳಿಗೆ ಬಂದವು. 2000ದ ದಶಕದಲ್ಲಿ ಜೇನು, ಪಾಚಿ, ನೆಲ್ಲಿಕಾಯಿ ಆಯ್ದು ಮಾರೋದಕ್ಕೂ ತಡೆ ಬಂತು. ಎಸ್ಟೇಟುಗಳಿಗೆ ಕಾಗದ ಇತ್ತು, ಅವು ಉಳಿದವು. ಕಾಗದ ಇಲ್ಲದವರು ಅತಿಕ್ರಮಣ ಮಾಡಿದವರ ಹಾಗೆ ಕಂಡರು. ಇದೇ ನೋಡಿ ಅಸಲಿ ವಿಷಯ. ಬರೆದಿಟ್ಟ ನೆನಪು ದಾಖಲೆ ಆಗುತ್ತೆ, ಬರೆಯದ ನೆನಪು ಬರೀ ಕತೆ ಆಗುತ್ತೆ.

ಕತೆ ದಾಖಲೆ ಆದಾಗ

ಆದರೆ ಕತೆ ಅಲ್ಲಿಗೆ ಮುಗೀಲಿಲ್ಲ.

2006ರಲ್ಲಿ ದೇಶಕ್ಕೆ ಅರಣ್ಯ ಹಕ್ಕು ಕಾಯ್ದೆ ಬಂತು. ತಲೆಮಾರುಗಳಿಂದ ಕಾಡಿನಲ್ಲಿದ್ದವರು ಅದನ್ನ ತೋರಿಸಿಕೊಟ್ಟರೆ ಹಕ್ಕು ಸಿಗುತ್ತೆ ಅಂತ ಅದು ಹೇಳಿತು. ತೋರಿಸೋದು ಹೇಗೆ? ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಕೊಡಬಹುದು ಅಂತ ಅದರ ನಿಯಮಗಳಲ್ಲೇ ಇದೆ. ಆ ಹೊತ್ತಿಗೆ ಸೋಲಿಗರ ಹಿರಿಯರು, ಯುವಕರು, ಜೊತೆಗೆ ಏಟ್ರೀ ಅನ್ನೋ ಸಂಶೋಧನಾ ಸಂಸ್ಥೆಯವರು ಕಾಡೊಳಗೆ ನಡೆದು ಒಂದು ಕೆಲಸ ಮಾಡಿದ್ದರು. ಅಜ್ಜಂದಿರು ಜಾಗ ತೋರಿಸಿದರು, ಹುಡುಗರು ಜಿಪಿಎಸ್ ಹಿಡಿದರು. ಇದು ಯಾವ ಕುಲದ ಎಲ್ಲೆ, ಇಲ್ಲಿ ಯಾವ ದೇವರು, ಅಬ್ಬಿ ಎಲ್ಲಿ ಅಂತ ನಾಲ್ಕುನೂರಕ್ಕೂ ಹೆಚ್ಚು ಜಾಗಗಳನ್ನ ನಕ್ಷೆಗೆ ಏರಿಸಿದರು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು. ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ ಹರಡಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಪತ್ರ ಸಿಕ್ಕ ಮಾತ್ರಕ್ಕೆ ಎಲ್ಲ ಸರಿಹೋಯ್ತು ಅಂತಲ್ಲ. ಆದರೆ 'ನೀವು ಯಾರು?' ಅಂತ ಕೇಳಿದಾಗ ತೋರಿಸೋಕೆ ಒಂದು ಕಾಗದ ಬಂತು. ಅದರ ಬೇರು ಅಜ್ಜಂದಿರು ಬಾಲ್ಯದಲ್ಲಿ ಕಲಿತ ಜಾಗದ ಹೆಸರುಗಳಲ್ಲಿತ್ತು.

ಇನ್ನೊಂದು ವಿಷಯ. ನೀವು ಬೆಟ್ಟಕ್ಕೆ ಹೋದರೆ ರಸ್ತೆಯ ಎರಡೂ ಕಡೆ ಬಣ್ಣಬಣ್ಣದ ಸಣ್ಣ ಹೂವಿನ ಮುಳ್ಳುಪೊದೆ ಕಾಣುತ್ತೆ. ಅದು ಲಾಂಟಾನ. ಅಮೆರಿಕ ಖಂಡದ ಗಿಡ. ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆ ಅಂತ ಭಾರತಕ್ಕೆ ಬಂದು, ಕಾಡು ಸೇರಿತು. ಸೋಲಿಗರ ಹಿರಿಯರು ಹೇಳ್ತಾ ಬಂದದ್ದು ಇಷ್ಟು: 'ನಾವು ಚಿಕ್ಕವರಿದ್ದಾಗ ಇದು ಇಷ್ಟಿರಲಿಲ್ಲ. ವರ್ಷಕ್ಕೊಮ್ಮೆ ಬೇಸಿಗೆ ಬಲಿಯೋಕೆ ಮೊದಲು ತರಗೆಲೆಗೆ ಸಣ್ಣ ಬೆಂಕಿ ಕೊಡ್ತಿದ್ವಿ. ತರಗು ಬೆಂಕಿ. ಅದು ನಿಂತ ಮೇಲೆ ಈ ಗಿಡ ಏರಿತು.' ಮೊದಮೊದಲು ಇದನ್ನ ಅಜ್ಜಿಕತೆ ಅಂದವರೇ ಹೆಚ್ಚು. ಆಮೇಲೆ ಸಂಶೋಧಕರು 1997ರಲ್ಲಿ ಗುರುತು ಮಾಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಾಂಟಾನ ಇರೋ ಜಾಗಗಳು ಹೆಚ್ಚುಕಡಿಮೆ ಎರಡರಷ್ಟಾಗಿದ್ದವು. ಬೆಂಕಿ ನಿಂತದ್ದೇ ಕಾರಣವಾ ಅನ್ನೋದರ ಮೇಲೆ ಚರ್ಚೆ ಇದೆ. ಆದರೆ ಗಿಡ ಹೆಚ್ಚಿತು ಅನ್ನೋ ಮಾತು ನಿಜವಾಯ್ತು. ಬಾಲ್ಯದ ನೆನಪು ಅಂದರೆ ಬರೀ ಭಾವನೆ ಅಲ್ಲ, ಕೆಲವೊಮ್ಮೆ ಅದು ಲೆಕ್ಕ.

ನಿಮ್ಮ ಫೋನಿಗೆ ಒಂದು ಕೆಲಸ

ಸ್ಯಾಂಡರ್ಸನ್‌ಗೆ ಲಂಡನ್ ಪ್ರಕಾಶಕರು ಇದ್ದರು. ಮೋನಿಕಾಗೆ ಓದು, ಬರಹ, ಬಿಡುವು ಇತ್ತು. ನಮ್ಮ ತಾತಂದಿರಿಗೆ ಅದ್ಯಾವುದೂ ಇರಲಿಲ್ಲ. ಆದರೆ ನಿಮ್ಮ ಜೇಬಿನಲ್ಲಿ ಒಂದು ರೆಕಾರ್ಡರ್ ಇದೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಈ ವಾರ ಮನೆಯಲ್ಲಿರೋ ಹಿರಿಯರ ಪಕ್ಕ ಕೂತು ಫೋನಲ್ಲಿ ರೆಕಾರ್ಡ್ ಒತ್ತಿ. 'ನಿನ್ ಕತೆ ಹೇಳು' ಅಂದ್ರೆ ಅವರು ನಾಚ್ಕೋತಾರೆ. ಜಾಗ ಕೇಳಿ. ದನ ಎಲ್ಲಿ ಮೇಯಿಸ್ತಿದ್ರಿ? ಆ ಹಳ್ಳಕ್ಕೆ ಏನು ಹೆಸರು? ಈಗ ಬಸ್ ನಿಲ್ಲೋ ಜಾಗದಲ್ಲಿ ಆಗ ಏನಿತ್ತು? ಕಾಡು ಎಲ್ಲಿಗೆ ಮುಗೀತಿತ್ತು? ಒಂದು ಹೆಸರು ಬಂದರೆ ಅದರ ಹಿಂದೆ ಹತ್ತು ಬರುತ್ತೆ. ಕೊನೆಗೆ ಊರು, ದಿನಾಂಕ, ಹೇಳಿದವರ ವಯಸ್ಸು ಸೇರಿಸಿ, ಎರಡು ಕಡೆ ಉಳಿಸಿಡಿ. ಯಾರಿಗಾದರೂ ಕಳಿಸೋ ಮೊದಲು ಅವರ ಒಪ್ಪಿಗೆ ಕೇಳಿ. ಕೆಲವು ದೇವರ ಜಾಗಗಳು ಎಲ್ಲರಿಗೂ ಹೇಳೋವಂಥದ್ದಲ್ಲ.

ನಾನು ಈ ಕೆಲಸ ತಡವಾಗಿ ಕಲಿತೆ. 'ಬೆಟ್ಟದ ದೊರೆ' ಅಂದ ತಾತ ಈಗಿಲ್ಲ. ಅವರು ಆ ಬೆಟ್ಟಕ್ಕೆ ಯಾವಾಗ ಹೋಗಿದ್ದರು, ಯಾಕೆ ಹೋಗಿದ್ದರು, ದೊರೆಯನ್ನ ಕಣ್ಣಾರೆ ಕಂಡಿದ್ದರಾ, ನಾನು ಕೇಳಲೇ ಇಲ್ಲ. ಅವತ್ತು ಕಾರಿನ ನಂಬರ್ ಎಣಿಸೋದ್ರಲ್ಲಿ ಬಿಜಿಯಾಗಿದ್ದೆ.

ನೀವು ಕೇಳಿ. ಕೇಳಿದ್ದನ್ನ ಉಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.