ವೈದ್ಯರ ನೋಂದಣಿ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಹಳಿಯಾಳ ತಾಲ್ಲೂಕಿನಲ್ಲಿ ಕಬ್ಬು ಕಟಾವಿನ ಹಂಗಾಮಿನಲ್ಲಿ ಕೂಲಿಕಾರರಿಗೆ ಜ್ವರ ಬಂದರೆ, ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಸುಲಭವಲ್ಲ. ಹತ್ತಿರದಲ್ಲಿ ಇಂಜೆಕ್ಷನ್ ಕೊಡುವವರು ಇದ್ದರೆ ಅವರನ್ನೇ ವೈದ್ಯರೆಂದು ನಂಬುವುದು ಸಹಜ. ಅವರ ಅರ್ಹತೆಯನ್ನು ರೋಗಿಯೇ ಪರೀಕ್ಷಿಸಲು ಸಾಧ್ಯವಿಲ್ಲ. ಆದುದರಿಂದ ಕಾನೂನು ಎರಡು ಬಗೆಯ ನೋಂದಣಿಯನ್ನು ಕಡ್ಡಾಯಗೊಳಿಸಿದೆ.

ಮೊದಲನೆಯದು ವ್ಯಕ್ತಿಯ ನೋಂದಣಿ. ಎಂ.ಬಿ.ಬಿ.ಎಸ್. ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ, ಆಯುರ್ವೇದ, ಯುನಾನಿ ಹಾಗೂ ಹೋಮಿಯೋಪಥಿ ವೈದ್ಯರು ತಮ್ಮ ಪದ್ಧತಿಯ ಮಂಡಳಿಗಳಲ್ಲಿಯೂ ನೋಂದಾಯಿತರಾಗಿರಬೇಕು. ನೋಂದಣಿಯಿಲ್ಲದೆ ಅಲೋಪಥಿ ಚಿಕಿತ್ಸೆ ನೀಡಿದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮ, 2019ರ 34ನೇ ಪ್ರಕರಣದಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಂದು ಪದ್ಧತಿಯ ಅರ್ಹತೆ ಪಡೆದು, ತಾವು ಕಲಿಯದ ಮತ್ತೊಂದು ಪದ್ಧತಿಯಲ್ಲಿ ಚಿಕಿತ್ಸೆ ನೀಡುವವರೂ ನಕಲಿ ವೈದ್ಯರೇ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿದೆ.

ಎರಡನೆಯದು ಸ್ಥಳದ ನೋಂದಣಿ. ಖಾಸಗಿ ಕ್ಲಿನಿಕ್, ಆಸ್ಪತ್ರೆ ಮತ್ತು ಪ್ರಯೋಗಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಪಡೆಯಬೇಕು. ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು ಸದಸ್ಯ ಕಾರ್ಯದರ್ಶಿಗಳು. ನೋಂದಣಿ ಸಂಖ್ಯೆಯು ನಾಮಫಲಕದಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಗ್ರಾಮ ಪಂಚಾಯತಿಯ ವ್ಯಾಪಾರ ಪರವಾನಗಿಯಾಗಲಿ, ಕಟ್ಟಡದ ಬಾಡಿಗೆ ಕರಾರಾಗಲಿ ಈ ನೋಂದಣಿಗೆ ಬದಲಿಯಾಗದು.

ಸದಸ್ಯರು ತಾವೇ ತಪಾಸಣೆ ನಡೆಸುವುದಾಗಲಿ, ಬಾಗಿಲು ಮುಚ್ಚಿಸುವುದಾಗಲಿ ಸಲ್ಲದು. ಫಲಕದಲ್ಲಿ ಸಂಖ್ಯೆ ಇಲ್ಲದಿದ್ದರೆ ಅಥವಾ ಸಂಶಯ ಮೂಡಿದರೆ, ಸ್ಥಳ ಮತ್ತು ಚಿಕಿತ್ಸೆಯ ವಿವರಗಳೊಡನೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಗಿಡಮೂಲಿಕೆ ಬಲ್ಲ ನಾಟಿ ವೈದ್ಯರ ಅನುಭವವನ್ನು ಹಳಿಯುವುದು ಇದರ ಉದ್ದೇಶವಲ್ಲ. ಆ ಹೆಸರಿನಲ್ಲಿ ಇಂಜೆಕ್ಷನ್, ಸಲೈನ್ ಕೊಡುವುದನ್ನು ಒಪ್ಪಲಾಗದು. ಒಮ್ಮೆ ಬಳಸಿದ ಸೂಜಿಯಿಂದ ಕಾಮಾಲೆ ಹಾಗೂ ಎಚ್.ಐ.ವಿ. ಸೋಂಕು ಹರಡಬಲ್ಲದು.

ಆದರೆ ನಕಲಿ ಕ್ಲಿನಿಕ್ ಮುಚ್ಚಿದರಷ್ಟೇ ಸಾಲದು. ಜ್ವರ ಬಂದವರಿಗೆ ಬೇರೆ ದಾರಿ ಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ದೂರದ ಮಜರೆಗಳನ್ನೂ ಕಟಾವು ಕೂಲಿಕಾರರ ಬಿಡಾರಗಳನ್ನೂ ಪಟ್ಟಿ ಮಾಡಿ, ಅಲ್ಲಿಗೆ ಆರೋಗ್ಯ ಸಿಬ್ಬಂದಿಯ ಭೇಟಿಯ ದಿನವನ್ನು ಗೊತ್ತುಪಡಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೋರುವುದು ಸೂಕ್ತ. ತುರ್ತು ಸಂದರ್ಭದಲ್ಲಿ 108, ಆರೋಗ್ಯ ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದೆಂಬುದನ್ನು ಪ್ರತಿ ಮನೆಗೂ ತಿಳಿಸತಕ್ಕದ್ದು.