ಬಿಸಿಲಿಗೆ ಕಪ್ಪಾದ ಮುಖದ ಚೆಲುವು



ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮ ಸಿರುಗುಪ್ಪ, ತೆಕ್ಕಲಕೋಟೆ ಕಡೆ ಭತ್ತದ ನಾಟಿ ಶುರು. ಬೆಳಿಗ್ಗೆ ಆಟೋ ಹತ್ತಿ ಹೋದ ಹೆಣ್ಣುಮಕ್ಕಳು ದಿನವೆಲ್ಲಾ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತಾರೆ. ಬಿಸಿಲು ಬೆನ್ನಿಗೂ ಬೀಳುತ್ತದೆ, ಗದ್ದೆಯ ನೀರಿನಲ್ಲಿ ಮಿಂಚಿ ಮುಖಕ್ಕೂ ಬಡಿಯುತ್ತದೆ. ನಾವು ಉಣ್ಣುವ ಸೋನಾ ಮಸೂರಿ ಅನ್ನ ಆ ಕೈಗಳಿಂದಲೇ ಬರುವುದು. ಆದರೂ ಹೆಣ್ಣು ನೋಡಲು ಹೋದಾಗ ನಾವೇ ಏನಂತೀವಿ? "ಹುಡುಗಿ ಒಳ್ಳೇಳೇ, ಆದ್ರೆ ಸ್ವಲ್ಪ ಕಪ್ಪು." ಪಡಸಾಲೆಯಲ್ಲಿ ಆಡಿದ ಈ ಮಾತು ಒಳಗೆ ಕುಳಿತ ಹುಡುಗಿಯ ಕಿವಿಗೆ ಬೀಳುತ್ತದೆ.

ಪವಿತ್ರ ಬೈಬಲಿನ ಪರಮಗೀತೆಯಲ್ಲಿ ಇಂಥದೇ ಒಬ್ಬ ಹುಡುಗಿ ಇದ್ದಾಳೆ. ಅಣ್ಣಂದಿರು ಆಕೆಯನ್ನು ದ್ರಾಕ್ಷಿತೋಟ ಕಾಯಲು ಹಾಕಿದ್ದರು. ಬಿಸಿಲಿಗೆ ಮೈ ಕಪ್ಪಾಯಿತು. ಆದರೆ ಆಕೆ ತಲೆ ತಗ್ಗಿಸುವುದಿಲ್ಲ. ತಾನು ಕಪ್ಪು, ಚೆಲುವೆಯೂ ಹೌದು ಎಂದು ಊರಿನ ಹೆಣ್ಣುಮಕ್ಕಳ ಮುಂದೆಯೇ ಹೇಳುತ್ತಾಳೆ. ಕೂಲಿ ಮಾಡಿ ಕಪ್ಪಾದ ಹೆಣ್ಣನ್ನೇ ಪ್ರೀತಿಯ ನಾಯಕಿಯಾಗಿ ಶ್ರೀಗ್ರಂಥ ನಿಲ್ಲಿಸಿದೆ. ಇದು ಸಣ್ಣ ಮಾತಲ್ಲ. ಶುಭ ಶುಕ್ರವಾರ ನಾವು ಕೇಳುವ ಪ್ರವಾದಿ ಯೆಶಾಯನ ವಾಚನವೂ ನೋಡಲು ಅಂದಚಂದವಿಲ್ಲದ ಸೇವಕನೊಬ್ಬನ ವರ್ಣನೆಯೇ. ಆತನಲ್ಲೇ ನಾವು ಯೇಸುಸ್ವಾಮಿಯನ್ನು ಕಾಣುತ್ತೇವೆ.

ಹಾಗಂತ ಅಲಂಕಾರ ಪಾಪವೆಂದು ನಾವು ಹೇಳುತ್ತಿಲ್ಲ. ಮಲ್ಲಿಗೆ ಮುಡಿಯಿರಿ, ಗಾಜಿನ ಬಳೆ ತೊಡಿರಿ. ಹೊರನೋಟ ನೋಡಬೇಡವೆಂದು ಸಮುವೇಲನಿಗೆ ಎಚ್ಚರಿಕೆ ಸಿಕ್ಕ ಅಧ್ಯಾಯದಲ್ಲೇ ಬಾಲಕ ದಾವೀದ ನೋಡಲು ಸುಂದರನಾಗಿದ್ದನೆಂದೂ ಬರೆದಿದೆ. ಲಿಮಾ ಪಟ್ಟಣದ ಸಂತ ರೋಸಮ್ಮನವರು ತಮ್ಮ ರೂಪವನ್ನು ಜನ ಹೊಗಳಬಾರದೆಂದು ಮುಖಕ್ಕೆ ಮೆಣಸು ಉಜ್ಜಿಕೊಂಡರೆಂಬ ಕಥೆಯುಂಟು. ಅವರ ಭಕ್ತಿ ದೊಡ್ಡದು. ಮೆಣಸಿನ ಅನುಕರಣೆ ಮಾತ್ರ ಯಾರಿಗೂ ಬೇಡ. ದೇವರು ಕೊಟ್ಟ ಮುಖವನ್ನು ಕೆಡಿಸಿಕೊಳ್ಳುವುದು ವಿಶ್ವಾಸವಲ್ಲ.

ಈಗ ಆ ಕೆಡಿಸುವ ಕೆಲಸವನ್ನು ಬೆಳ್ಳಗಾಗುವ ಕ್ರೀಮು ಮಾಡುತ್ತಿದೆ. 1975ರಿಂದ ಮಾರಾಟದಲ್ಲಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಹೆಸರು ಬದಲಾಯಿತು, ನಮ್ಮ ಮಾತು ಬದಲಾಗಲಿಲ್ಲ. ಆದರೆ ನಿಜವಾದ ಅಪಾಯ ಇರುವುದು ತಯಾರಕರ ವಿಳಾಸವಾಗಲೀ, ಒಳಗೇನಿದೆ ಎಂಬ ವಿವರವಾಗಲೀ ಇಲ್ಲದೆ ಮಾರುವ ಕ್ರೀಮುಗಳಲ್ಲಿ. ಬಿಸಿಲಿಗೆ ಚರ್ಮದಲ್ಲಿ ಹುಟ್ಟುವ ಮೆಲನಿನ್ ಎಂಬ ಬಣ್ಣದ ಪದಾರ್ಥ ಸುಡುವ ಕಿರಣಗಳನ್ನು ತಡೆಯುತ್ತದೆ. ದೇವರೇ ಹಿಡಿದ ಕೊಡೆ ಅನ್ನಿ. ಇಂಥ ಕೆಲವು ಕ್ರೀಮುಗಳಲ್ಲಿರುವ ಪಾದರಸ ಆ ಕೊಡೆಯನ್ನೇ ಕಿತ್ತುಹಾಕುತ್ತದೆ. ನಾಲ್ಕು ದಿನ ಮುಖ ಹೊಳೆಯಬಹುದು, ಆದರೆ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಬಂದ ಹಲವು ಕಿಡ್ನಿ ರೋಗಿಗಳು ಇಂಥ ಕ್ರೀಮು ಹಚ್ಚಿಕೊಂಡವರೆಂದು ವೈದ್ಯರು ಪತ್ತೆ ಹಚ್ಚಿದರು. ಇನ್ನು ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದರಿಂದ ಚರ್ಮ ತೆಳುವಾಗುತ್ತದೆ, ಹಚ್ಚುವುದನ್ನು ಬಿಟ್ಟಾಗ ಮುಖ ಕೆಂಪಾಗಿ ಉರಿಯುತ್ತದೆ.

ಆದ್ದರಿಂದ ತಯಾರಕರ ಹೆಸರು, ವಿಳಾಸ, ಒಳಗಿರುವ ಪದಾರ್ಥಗಳ ವಿವರ ಇಲ್ಲದ ಡಬ್ಬಿಯನ್ನು ಕೊಳ್ಳಲೇಬೇಡಿ. ಈಗಾಗಲೇ ಹಚ್ಚುತ್ತಿದ್ದು ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಂಡರೆ ಡಬ್ಬಿಯ ಸಮೇತ ಡಾಕ್ಟರ ಬಳಿ ಹೋಗಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಅತ್ತೆ, ಅಮ್ಮಂದಿರಿಗೂ ಒಂದು ಮಾತು: ಹುಡುಗಿಯರು ಡಬ್ಬಿ ತರುವುದು ನಿಮ್ಮ ಮಾತಿಗೆ ಹೆದರಿ.

ನಾಟಿ ಮಾಡುವವರ ಮುಖದಷ್ಟೇ ಕಷ್ಟ ಪಾದಕ್ಕೂ ಉಂಟು. ಕೆಸರಿನಲ್ಲಿ ನೆನೆದು ಬೆರಳ ಸಂದು ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. ಯೇಸುಸ್ವಾಮಿ ಕಡೇ ಭೋಜನದ ರಾತ್ರಿ ಬಟ್ಟಲಿಗೆ ನೀರು ಹಾಕಿ ತೊಳೆದದ್ದು ಧೂಳಿನಲ್ಲಿ ನಡೆದ ಪಾದಗಳನ್ನೇ. ಪವಿತ್ರ ಗುರುವಾರದ ಈ ವಿಧಿಯಲ್ಲಿ ಸ್ತ್ರೀಯರನ್ನೂ ಸೇರಿಸಬಹುದೆಂದು ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ನಿಯಮವನ್ನು ತಿದ್ದಿದರು. ಬರುವ ಪವಿತ್ರ ಗುರುವಾರ ನಾಟಿಗೆ ಹೋಗುವ ತಾಯಂದಿರನ್ನೂ ಆ ಸಾಲಿನಲ್ಲಿ ಕೂರಿಸಿರೆಂದು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಈಗಲೇ ಕೇಳಿಕೊಳ್ಳಿ. "ನಮ್ಮ ಕಾಲು ಚೆಂದಿಲ್ಲ ಫಾದರ್" ಎಂದು ಅವರು ಹಿಂಜರಿದಾರು. ಕೈಹಿಡಿದು ಕರೆತನ್ನಿ.